ಬ್ಯಾಗಿನಲ್ಲೇ ಉಳಿದ ಕಾಗದ

ಹೈದರಾಬಾದಿನ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯ ನಕಲು ವಿಭಾಗದಲ್ಲಿ ನಾನು ಇಪ್ಪತ್ತನಾಲ್ಕು ವರ್ಷದಿಂದ ಇದ್ದೇನೆ. ಯಾರಾದರೂ ಹಳೆಯ ದಸ್ತಾವೇಜಿನ ನಕಲು ಬೇಕೆಂದು ಅರ್ಜಿ ಹಾಕಿದರೆ, ಮೂಲವನ್ನು ಎಡಗಡೆ, ನಕಲನ್ನು ಬಲಗಡೆ ಇಟ್ಟುಕೊಂಡು ಸಾಲು ಸಾಲಾಗಿ ಓದಿ ನೋಡುವುದು ನನ್ನ ಕೆಲಸ. ಒಂದಕ್ಷರ ತಪ್ಪಿದ್ದರೂ ವಾಪಸು ಕಳಿಸುತ್ತೇನೆ. ಸರಿಯಿದ್ದರೆ ಮೊಹರು ಒತ್ತಿ, ಇದು ಮೂಲದಂತೆಯೇ ಇದೆ ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಬೇಸಿಗೆಯಲ್ಲಿ ನಾನು ಒಂದು ಸುಳ್ಳು ಕಾಗದದ ಕೆಳಗೆ ಸಹಿ ಹಾಕಿದೆ. ನಿಜವಾದ ಕಾಗದವೊಂದನ್ನು ಕೈಚೀಲದಲ್ಲಿ ಮುಚ್ಚಿಟ್ಟುಕೊಂಡೆ. ಆದದ್ದನ್ನು ಆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಸಿಟ್ಟು ಹೆಚ್ಚಾದ ಕಡೆ ಪೆನ್ನು ಕೆಳಗಿಟ್ಟು ಎದ್ದು ಹೋಗಿ, ಮತ್ತೆ ಬಂದು ಕೂತಿದ್ದೇನೆ.

ನನ್ನ ಅಕ್ಕ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಮಗಳು ಹುಟ್ಟಿದ್ದು ಅಲ್ಲೇ. ಹತ್ತು ತಿಂಗಳ ಕೂಸಾಗಿದ್ದಾಗ, ಪಾಳಿಯ ಕೆಲಸದಲ್ಲಿ ಮಗುವನ್ನು ನೋಡಿಕೊಳ್ಳಲು ಆಗುತ್ತಿಲ್ಲವೆಂದು ಅಕ್ಕ ಅವಳನ್ನು ನಾರಾಯಣಗೂಡದ ನಮ್ಮ ಮನೆಗೆ ತಂದು ನನ್ನ ಮಡಿಲಲ್ಲಿ ಹಾಕಿ ಹೋದಳು. ಆರು ವರ್ಷ ತುಂಬುವವರೆಗೆ ಹುಡುಗಿ ನನ್ನ ಹತ್ತಿರವಿದ್ದಳು. ನನಗೆ ಮದುವೆಯಾಗಿಲ್ಲ. ಅವಳಿಗೆ ಮೊದಲ ಹಲ್ಲು ಬಿದ್ದದ್ದು, ಕನ್ನಡದ ಅಕ್ಷರಗಳನ್ನು ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿದ್ದು, ಎಲ್ಲ ನಮ್ಮ ಮನೆಯಲ್ಲೇ. ಆಮೇಲೆ ಅಕ್ಕ ಬಂದು ಕರೆದುಕೊಂಡು ಹೋದಳು. ಹನ್ನೊಂದನೆಯ ವಯಸ್ಸಿನಲ್ಲಿ ಒಮ್ಮೆ ಐದು ದಿನ ಬಂದುಹೋದದ್ದು ಬಿಟ್ಟರೆ ನಾನು ಅವಳನ್ನು ಕಣ್ಣಾರೆ ನೋಡಿಲ್ಲ. ಅಮೆರಿಕದ ವೀಸಾಕ್ಕೆ ಎರಡು ಸಲ ಅರ್ಜಿ ಹಾಕಿದ್ದೆ. ಎರಡು ಸಲವೂ ಸಿಗಲಿಲ್ಲ.

ಈಗ ಅವಳಿಗೆ ಇಪ್ಪತ್ತು. ಇಂಗ್ಲಿಷಿನಲ್ಲಿ ಹೇಗೆ ಮಾತಾಡುತ್ತಾಳೋ ನನಗೆ ಗೊತ್ತಿಲ್ಲ. ಅವಳ ಕನ್ನಡ ಮಾತ್ರ ಆರು ವರ್ಷಕ್ಕೇ ನಿಂತಿದೆ. ನಮ್ಮ ಮನೆಯ ಕಲಬುರಗಿ ಕಡೆಯ ಮಾತು, ಮಗುವಿನ ಬಾಯಲ್ಲಿ ಹೇಗಿತ್ತೋ ಹಾಗೇ. ಈ ಬೇಸಿಗೆಯ ರಜೆಗೆ ಅವಳು ಯುರೋಪಿಗೆ ಹೋಗಿದ್ದಳು. ಬೆಟ್ಟಗಳ ನಡುವಿನ ಒಂದು ಕೆರೆಯ ದಂಡೆಯಲ್ಲಿ ಗೆಸ್ಟ್‌ಹೌಸ್ ಇದೆಯಂತೆ. ಅಲ್ಲಿ ಬೆಳಿಗ್ಗೆ ಅತಿಥಿಗಳಿಗೆ ತಿಂಡಿ ಇಡುವುದು, ಕೋಣೆಗಳ ಹಾಸಿಗೆ ಬದಲಿಸುವುದು ಅವಳ ಕೆಲಸ. ಅದಕ್ಕೆ ಬದಲಾಗಿ ಊಟ ಮತ್ತು ಅಟ್ಟದ ಮೇಲೊಂದು ಕೋಣೆ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಊರು ಸುತ್ತುವುದು. ಕೊನೆಯ ಹತ್ತು ದಿನ ಪೂರ್ತಿ ಬಿಡುವು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನಿಗೆ ಅವಳ ಧ್ವನಿಸಂದೇಶ ಬಂತು.

"ಚಿಗವ್ವಾ, ಅಮೆರಿಕಾದವರು ಬಿಡೂದಿಲ್ಲ ಅಂದ್ರ ಬ್ಯಾಡ. ನೀ ಇಲ್ಲಿ ಬಾ. ನನ್ನ ಖೋಲಿಯೊಳಗ ಎರಡು ಮಂಚ ಅದಾವ. ಒಂದು ನಂದು, ಒಂದು ನಿಂದು. ನಾ ಇವತ್ತ ಹಾಸಿಗಿ ಹಾಸೀನಿ."

ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಡಲಿಲ್ಲ.

ಎರಡು ವಾರದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು. ವೀಸಾ ಕೇಳುವಾಗ ಆಹ್ವಾನದ ಪತ್ರ ಇರಲಿ ಎಂದು ಅವಳೇ ಕೈಯಿಂದ ಬರೆದದ್ದು. ಮೇಲೆ ಮುಕ್ಕಾಲು ಪುಟ ಇಂಗ್ಲಿಷ್: ನಾನು ಯಾರು, ಅವಳಿಗೆ ಏನಾಗಬೇಕು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇರುತ್ತೇನೆ, ಎಲ್ಲಿ ಇರುತ್ತೇನೆ. ಅದರ ಕೆಳಗೆ ಗೆಸ್ಟ್‌ಹೌಸಿನ ಯಜಮಾನಿಯ ಸಹಿ, ಮೊಹರು. ಅದಕ್ಕೂ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಅಕ್ಷರಗಳು ಒಂದೊಂದೂ ಬೋರೆಹಣ್ಣಿನಷ್ಟು ದಪ್ಪ.

ಈಕಿ ನನ್ನ ಚಿಗವ್ವ. ನಾ ಸಣ್ಣಾಕಿ ಇದ್ದಾಗ ಜ್ವಾಪಾನ ಮಾಡ್ಯಾಳ. ಹತ್ತು ದಿನ ನನ್ನ ಕೂಡ ಇರ್ತಾಳ. ಆಮ್ಯಾಲೆ ಮನೀಗೆ ಹೋಗ್ತಾಳ.

ವೀಸಾ ಅಧಿಕಾರಿಗೆ ಕನ್ನಡ ಬರುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬರೆದಿದ್ದಳು.

ನಮ್ಮ ಬೀದಿಯಲ್ಲಿ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ವೀಸಾದ ಫೈಲು ಮಾಡಿಕೊಡುವ ಏಜೆಂಟನಿದ್ದಾನೆ. ಮೆಟ್ಟಿಲ ಮೇಲೆ ನಿಂತ ಹುಡುಗರನ್ನು ದಾಟಿ ಮೇಲೆ ಹೋದೆ. ತೆಲುಗಿನಲ್ಲಿ ಮಾತು ಶುರು ಮಾಡಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ಅವನು ತಲೆಯೆತ್ತಿ ನೋಡಿದ.

"ಅಕ್ಕಾರ, ನೀವು ಕಲಬುರ್ಗಿ ಕಡೆಯವರೇನ್ರಿ?"

"ಹೌದ್ರಿ. ನೀವು?"

"ನಾ ಬೀದರದಾವ್ರಿ. ಮೊದ್ಲ ಹೇಳಬಾರದೇನ್ರಿ! ಸುಮ್ನ ತೆಲುಗು ಮಾತಾಡಿ ದಣದ್ರಿ. ಕುಂಡ್ರಿ, ಚಾ ತರಸ್ತೀನಿ."

ನಾನು ಹುಟ್ಟಿದ್ದು ಈ ಊರಲ್ಲೇ. ಮನೆಯ ಹೊಸಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಹೊರಗೆ ಯಾರಾದರೂ ನಮ್ಮ ಮಾತಾಡಿದರೆ ನಾವು ಒಮ್ಮೆಲೇ ಮೆತ್ತಗಾಗುತ್ತೇವೆ. ಬೇರೆ ಯಾರ ಹತ್ತಿರವಾದರೂ ನೂರು ಪ್ರಶ್ನೆ ಕೇಳುವ ನಾನು ಆ ಮನುಷ್ಯನ ಹತ್ತಿರ ಒಂದನ್ನೂ ಕೇಳಲಿಲ್ಲ. ಕಾಗದಪತ್ರಗಳನ್ನೆಲ್ಲ ಅವನ ಮೇಜಿನ ಮೇಲೆ ಹರವಿದೆ. ಅವನು ಒಂದೊಂದನ್ನೇ ನೋಡಿ ಜೋಡಿಸುತ್ತ ಬಂದ. ಹುಡುಗಿಯ ಕಾಗದ ಕೈಗೆ ಬಂದಾಗ ಓದಿ, ಕೆಳಗಿನ ಕನ್ನಡವನ್ನೂ ಓದಿ, ನಕ್ಕು, ನನ್ನ ಕಡೆ ಸರಿಸಿದ.

"ಇದನ್ನ ಹಚ್ಚಬ್ಯಾಡ್ರಿ."

"ಯಾಕ್ರಿ? ಅದಽ ಅಲ್ಲೇನ್ರಿ ಮುಖ್ಯ?"

"ಈಕಿ ನಿಮ್ಮ ಮಗಳಲ್ಲ, ಅಕ್ಕನ ಮಗಳು. ಆ ದೇಶದಾಕಿ ಅಲ್ಲ, ಅಮೆರಿಕಾದಾಕಿ. ಅಲ್ಲಿ ಇರೂದು ಹಾಸಿಗಿ ಹಾಸೂ ಕೆಲಸಕ್ಕ. ನೀವು ನೋಡಿದ್ರ ಒಬ್ಬಾಕಿ, ಗಂಡ ಮಕ್ಕಳು ಇಲ್ಲ. ಅಲ್ಲಿ ಕುಂತಾವ ಏನ್ ತಿಳ್ಕೋತಾನ ಹೇಳ್ರಿ? ಈಕೀನೂ ಅಲ್ಲೇ ಹಾಸಿಗಿ ಹಾಸಾಕ ಬರಾಕತ್ತಾಳ ಅಂತಾನ."

ಅವನು ನಕ್ಕ. ನಾನೂ ನಕ್ಕೆ. ಈಗ ಬರೆಯುವಾಗ ಆ ನನ್ನ ನಗು ಕಿವಿಯಲ್ಲಿ ಕೇಳಿಸುತ್ತದೆ, ಹಲ್ಲು ಕಚ್ಚುತ್ತೇನೆ.

"ಮತ್ತ ಏನ್ ಮಾಡೋಣ್ರಿ?"

"ಟೂರಿಸ್ಟ್ ಅಂತ ಹಾಕೋಣ. ಪರಿಚಯದವರು ಯಾರೂ ಇಲ್ಲ ಅಂತ ಬರೀತೀನಿ. ಹತ್ತೂ ದಿನಕ್ಕ ಹೋಟೆಲ್ ಬುಕಿಂಗ್ ಹಚ್ಚತೀನಿ."

"ನಾ ಹೋಟೆಲಿನ್ಯಾಗ ಇರಂಗಿಲ್ಲಲ್ರಿ."

"ಯಾರೂ ಇರಂಗಿಲ್ರೀ ಅಕ್ಕಾರ. ಅದು ಫೈಲಿಗೆ. ಅರ್ಧ ಹೈದರಾಬಾದ್ ಹಿಂಗಽ ಹೋಗಿ ಬಂದೈತಿ. ನಿಮ್ಮ ಆಫೀಸಿನ ಕಾನೂನು ಇಲ್ಲಿ ತರಬ್ಯಾಡ್ರಿ."

ಮೂರು ದಿನದ ಮೇಲೆ ಸಹಿಗೆ ಕರೆದ. ಫೈಲು ಅಂದವಾಗಿತ್ತು. ಮೂರು ಊರು, ಮೂರು ಹೋಟೆಲು, ನನ್ನ ಹೆಸರು, ತಾರೀಖು. ಮೇಲೆ ಒಂದು ಪತ್ರ: ಚಿಕ್ಕಂದಿನಿಂದಲೂ ಹಿಮದ ಬೆಟ್ಟಗಳನ್ನು ನೋಡುವ ಆಸೆ ನನಗಿದೆ, ಈ ಕೆಳಗಿನ ಹೋಟೆಲುಗಳಲ್ಲಿ ತಂಗುತ್ತೇನೆ. ನನಗೆ ಹಿಮದ ಬೆಟ್ಟದ ಆಸೆ ಯಾವತ್ತೂ ಇರಲಿಲ್ಲ. ಅಭ್ಯಾಸಬಲದಿಂದ ಪತ್ರವನ್ನು ಎರಡು ಸಲ ಓದಿದೆ. ಅಕ್ಷರದ ತಪ್ಪು ಒಂದೂ ಇರಲಿಲ್ಲ. ಸಹಿ ಹಾಕಿದೆ. ಹುಡುಗಿಯ ಕಾಗದವನ್ನು ಮಡಿಸಿ ಕೈಚೀಲದ ಒಳಜೇಬಿನಲ್ಲಿಟ್ಟು ಜಿಪ್ ಎಳೆದೆ.

ಅರ್ಜಿ ಕೊಡುವ ಕೇಂದ್ರದಲ್ಲಿ ಟೋಕನ್ ಹಿಡಿದು ಒಂದೂವರೆ ಗಂಟೆ ಕೂತೆ. ನನ್ನ ಮುಂದಿನ ಕುರ್ಚಿಯಲ್ಲಿದ್ದ ಹೊಸ ಗಂಡಹೆಂಡಿರು ತಮ್ಮ ಫೈಲಿನ ಹೋಟೆಲುಗಳ ಹೆಸರುಗಳನ್ನು ಪಾಠದ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಕೌಂಟರಿನ ಹುಡುಗಿ ಸಣ್ಣ ವಯಸ್ಸಿನವಳು, ಚುರುಕು. ಬೆರಳಚ್ಚು ತೆಗೆಯುವ ಗಾಜಿನ ಮೇಲೆ ನನ್ನ ಬೆರಳು ಮೂಡಲೇ ಇಲ್ಲ. ಇಪ್ಪತ್ತನಾಲ್ಕು ವರ್ಷ ಕಾಗದ ತಿರುವಿದ ಬೆರಳು, ರೇಖೆ ಸವೆದಿದೆ.

"ಗಟ್ಟಿಗಾ ನೊಕ್ಕಂಡಿ, ಆಂಟೀ," ಎಂದಳು. ಗಟ್ಟಿಯಾಗಿ ಒತ್ತಿದೆ. ನಾಲ್ಕನೆಯ ಸಲ ಮೂಡಿತು.

ಫೈಲಿನ ಹಾಳೆಗಳನ್ನು ಎಣಿಸಿ, ಕ್ಲಿಪ್ಪು ಹಾಕುತ್ತ ಅವಳು ಕೇಳಿದಳು: "ಇಂಕೇಮೈನಾ ಪೇಪರ್ಸ್ ಉನ್ನಾಯಾ, ಆಂಟೀ?" ಇನ್ನೇನಾದರೂ ಕಾಗದ ಇದೆಯಾ ಎಂದು.

ಕೈಚೀಲ ನನ್ನ ತೊಡೆಯ ಮೇಲಿತ್ತು. ನನ್ನ ಎಡಗೈ ಜಿಪ್ಪಿನ ಮೇಲಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ, ಕೈ ಅಲ್ಲೇ ಇತ್ತು. ಅವಳು ಅವಸರ ಮಾಡಲಿಲ್ಲ. ಹಿಂದಿನವರೂ ಏನೂ ಅನ್ನಲಿಲ್ಲ. ಕಾಗದ ತೆಗೆದು ಕೊಡುವುದಕ್ಕೆ ಬೇಕಾದಷ್ಟು ಸಮಯವಿತ್ತು.

"ಲೇದಮ್ಮಾ," ಎಂದೆ. ಇಲ್ಲ.

ಆಮೇಲಿನ ಮೂರು ವಾರ ಅವಳು ಫೋಟೋ, ಮಾತು ಕಳಿಸುತ್ತಲೇ ಇದ್ದಳು. ಕೆರೆಯಲ್ಲಿ ಈಜಿದ್ದು. ಯಾವುದೋ ಊರಿನ ಚೌಕದಲ್ಲಿ ಮಳೆಗೆ ಸಿಕ್ಕು ಅಂಗಡಿಯ ಛಾವಣಿಯ ಕೆಳಗೆ ಬ್ರೆಡ್ಡು ತಿನ್ನುತ್ತ ನಿಂತದ್ದು. ರೈಲಿನಲ್ಲಿ ಜೊತೆಗಿದ್ದ ಮುದುಕಿಯೊಬ್ಬಳು ಇವಳಿಗೆ ಹಣ್ಣು ಸುಲಿದು ಕೊಟ್ಟದ್ದು. ಒಂದು ದಿನ ಮಧ್ಯಾಹ್ನ, ಕಚೇರಿಯಲ್ಲಿ ನಾನು ಯಾರದೋ ಭಾಗಪತ್ರದ ನಕಲು ನೋಡುತ್ತಿದ್ದಾಗ ಇದು ಬಂತು:

"ಚಿಗವ್ವಾ, ಮಜಾ ಕೇಳು. ಟ್ರೇನಿನ್ಯಾಗ ನಾ ಮಕ್ಕೊಂಡಿದ್ದೆ. ಎದ್ದು ನೋಡ್ತೀನಿ, ಬ್ಯಾರೆ ದೇಶ ಬಂದುಬಿಟ್ಟೈತಿ! ಯಾರೂ ಎಬ್ಬಸಲೇ ಇಲ್ಲ!"

ಮಗು ನಗುತ್ತಿತ್ತು. ನಾನು ಒಂದು ದೇಶದ ಬಾಗಿಲು ತಟ್ಟುವುದಕ್ಕೆ ಬ್ಯಾಂಕಿನಿಂದ, ಕಚೇರಿಯಿಂದ, ತೆರಿಗೆ ಇಲಾಖೆಯಿಂದ, ಮನೆಯ ಮಾಲೀಕರಿಂದ ಕಾಗದ ತಂದು, ಸವೆದ ಬೆರಳನ್ನು ನಾಲ್ಕು ಸಲ ಗಾಜಿಗೆ ಒತ್ತಿ ಬಂದಿದ್ದೆ. ಅವಳು ನಿದ್ದೆಯಲ್ಲಿ ಗಡಿ ದಾಟಿದ್ದಳು. ಅವಳ ತಪ್ಪಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಅವಳಿಗೆ ಉತ್ತರ ಕಳಿಸಲಿಲ್ಲ.

ಪಾಸ್‌ಪೋರ್ಟು ಬಂದಿದೆಯೆಂದು ಸಂದೇಶ ಬಂದ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಮುಚ್ಚಿದ ಲಕೋಟೆ ಕೊಟ್ಟರು. ಲಿಫ್ಟಿನ ಪಕ್ಕದ ಗೋಡೆಗೆ ಒರಗಿ ಹರಿದೆ. ಪಾಸ್‌ಪೋರ್ಟಿನ ಜೊತೆ ಒಂದು ಹಾಳೆ. ಅದರಲ್ಲಿ ನಿರಾಕರಣೆಯ ಕಾರಣಗಳು ಮೊದಲೇ ಅಚ್ಚಾಗಿವೆ, ಪ್ರತಿಯೊಂದರ ಮುಂದೆ ಒಂದು ಚೌಕ. ಅನ್ವಯಿಸುವ ಚೌಕಕ್ಕೆ ಗುರುತು ಹಾಕುತ್ತಾರೆ. ನನ್ನದರಲ್ಲಿ ಎರಡು ಚೌಕಕ್ಕೆ ಗುರುತು. ಒಂದು: ಪ್ರಯಾಣದ ಉದ್ದೇಶ ಮತ್ತು ವಾಸ್ತವ್ಯದ ಬಗ್ಗೆ ಕೊಟ್ಟ ಮಾಹಿತಿ ನಂಬುವಂಥದ್ದಲ್ಲ. ಇನ್ನೊಂದು: ಅವಧಿ ಮುಗಿಯುವ ಮೊದಲು ಹಿಂತಿರುಗುವ ಉದ್ದೇಶ ಇದೆಯೇ ಎಂಬ ಬಗ್ಗೆ ಸಂಶಯವಿದೆ.

ನಾನು ಎಲ್ಲಿ ಉಳಿಯುತ್ತೇನೆಂದು ಅವರಿಗೆ ಭಯ? ನಾರಾಯಣಗೂಡದ ಎರಡನೆಯ ಮಹಡಿಯ ಮನೆ, ಏಳು ಕುಂಡ ಗಿಡ, ಬೆಳಿಗ್ಗೆ ಹತ್ತಕ್ಕೆ ಕಚೇರಿ. ಇದನ್ನು ಬಿಟ್ಟು ಅವರ ಬೆಟ್ಟದಲ್ಲಿ ಬಚ್ಚಿಟ್ಟುಕೊಳ್ಳುತ್ತೇನೆಯೇ? ಆ ಎರಡನೆಯ ಚೌಕಕ್ಕೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ, ಆರಬೇಕೆಂದೂ ನನಗಿಲ್ಲ. ಆದರೆ ಮೊದಲನೆಯ ಚೌಕದ ಮಾತು ನಿಜವಾಗಿತ್ತು. ನನ್ನ ಮಾಹಿತಿ ನಂಬುವಂಥದ್ದಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಬೇರೆಯವರ ಕಾಗದಗಳಿಗೆ ನಾನು ಹಾಕುವ ಪರೀಕ್ಷೆಯನ್ನು ಯಾರೋ ನನ್ನ ಕಾಗದಕ್ಕೆ ಹಾಕಿ, ಸರಿಯಾಗಿಯೇ ವಾಪಸು ಕಳಿಸಿದ್ದರು.

ನೇರ ಏಜೆಂಟನ ಹತ್ತಿರ ಹೋದೆ. ಹಾಳೆಯನ್ನು ಅವನ ಮುಂದೆ ಹಿಡಿದೆ.

"ಅಯ್ಯ, ಹಿಂಗಾತೇನ್ರಿ," ಎಂದ. "ಬುಕಿಂಗ್ ಕ್ಯಾನ್ಸಲ್ ಆಗಿದ್ದು ನೋಡ್ಯಾರ ಕಾಣ್ತದ. ಯಾವಾಗರ ಒಮ್ಮೆ ಹೋಟೆಲಿಗೆ ಫೋನ್ ಹಚ್ಚತಾರ."

"ಕ್ಯಾನ್ಸಲ್ ಯಾರು ಮಾಡಿದ್ರು?"

"ನಾವಽ ರೀ. ಫೈಲ್ ಕೊಟ್ಟ ಮರುದಿನ ಎಲ್ಲಾ ಬುಕಿಂಗ್ ತೆಗೀತೀವಿ. ಹಂಗಽ ಬಿಟ್ರ ಹೋಟೆಲಿನವರು ರೊಕ್ಕಾ ಕತ್ತರಸ್ತಾರ."

"ಇದನ್ನ ನನಗ ಹೇಳಿದ್ರೇನ್ರಿ?"

"ಎಲ್ಲಾರಿಗೂ ಗೊತ್ತಿರತೈತ್ರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ. ಎರಡು ತಿಂಗಳ ಬಿಟ್ಟು ಮತ್ತ ಹಾಕೋಣ."

"ಎರಡು ತಿಂಗಳ ಬಿಟ್ರ ಆಕಿ ಅಲ್ಲಿ ಇರಂಗಿಲ್ಲ! ಆಕೀ ಕಾಗದ ಖರೇ ಇತ್ತು. ಅದೊಂದಽ ಖರೇ ಇತ್ತು. ಅದನ್ನಽ ತೆಗಿಸಿದ್ರಿ."

ನನ್ನ ದನಿ ಏರಿತ್ತು. ಕೆಳಗೆ ಪಾಠ ನಿಂತಿತೋ ಏನೋ, ಮೆಟ್ಟಿಲ ಹತ್ತಿರ ಇಬ್ಬರು ಇಣುಕಿದರು. ಅವನು ಮಾತ್ರ ದನಿ ಏರಿಸಲಿಲ್ಲ.

"ತೆಗಿರಿ ಅಂತ ಅಂದೆ, ಹೌದು. ನಿಮ್ಮ ಕೈ ಹಿಡದು ಸೈನ್ ಮಾಡಿಸೀನೇನ್ರಿ? ಕೌಂಟರಿನ್ಯಾಗ ನಾ ಇದ್ನೇನ್ರಿ?"

ಇರಲಿಲ್ಲ. ಅವನ ಚಹಾದ ಲೋಟವನ್ನು ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಬಾಗಿಲನ್ನು ಜೋರಾಗಿ ಎಳೆದುಕೊಂಡೆ, ಅಷ್ಟೇ. ಅದು ತಾನಾಗಿಯೇ ಮೆಲ್ಲಗೆ ಮುಚ್ಚುವಂತೆ ಮಾಡಿದ ಬಾಗಿಲು. ಸದ್ದೂ ಆಗಲಿಲ್ಲ.

ಹುಡುಗಿಗೆ ಹೇಳುವುದಕ್ಕೆ ಎರಡು ದಿನ ಬೇಕಾಯಿತು. ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ. ಅವಳಿಗೆ ಆಗ ಬೆಳಗಿನ ಹೊತ್ತು, ಕೆಲಸದ ನಡುವೆ ಇದ್ದಳು. ಪರದೆಯಲ್ಲಿ ಅವಳ ಹಿಂದೆ ಬಿಳಿಯ ಹಾಸುಗಳ ರಾಶಿ ಕಾಣುತ್ತಿತ್ತು. ವೀಸಾ ಸಿಗಲಿಲ್ಲ ಎಂದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಬೈದಳು. ಆಮೇಲೆ ಕೇಳಿದಳು:

"ನನ್ನ ಕಾಗದ ಓದಿದ ಮ್ಯಾಲೂ ಹಂಗಂದ್ರಾ?"

ಹೌದು ಅಂದುಬಿಡಬಹುದಿತ್ತು. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಆ ಅಧಿಕಾರಿಗಳನ್ನು ಬೈದುಕೊಂಡು, ನನ್ನ ಮೇಲೆ ಕನಿಕರಪಟ್ಟು, ಫೋನ್ ಇಡುತ್ತಿದ್ದಳು.

"ನಿನ್ನ ಕಾಗದ ನಾ ಕೊಡಲಿಲ್ಲವ್ವಾ," ಎಂದೆ. "ನನ್ನ ಬ್ಯಾಗಿನೊಳಗಽ ಐತಿ."

"ಯಾಕ?"

ಏಜೆಂಟ, ಹೋಟೆಲು, ಬುಕಿಂಗ್, ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ನನಗೇ ಕೇಳಿಸುತ್ತಿತ್ತು, ಇದು ಎಂಥ ಮೂರ್ಖತನವೆಂದು. ಅವಳ ಕನ್ನಡದಲ್ಲಿ ಈ ವಿಷಯಕ್ಕೆ ಬೇಕಾದ ಮಾತುಗಳೂ ಇಲ್ಲ. ಆರು ವರ್ಷದ ಮಗುವಿಗೆ ಬರುವ ಮಾತುಗಳಷ್ಟೇ ಅವಳ ಹತ್ತಿರ ಇದ್ದವು. ಅವುಗಳಲ್ಲೇ ಕೇಳಿದಳು.

"ಅದು ಖರೇ ಇತ್ತಲ್ಲ, ಚಿಗವ್ವಾ. ನೀ ನನಗ ಸುಳ್ಳ ಹೇಳಬಾರದು ಅಂತ ಹೊಡೀತಿದ್ದಿ."

ಹೊಡೆದದ್ದು ನಿಜ. ಒಮ್ಮೆ, ಬೆಲ್ಲದ ಡಬ್ಬಿಯ ವಿಷಯಕ್ಕೆ. ಅವಳು ಕಣ್ಣೊರೆಸಿಕೊಂಡು, ಯಾರೋ ಕರೆಯುತ್ತಿದ್ದಾರೆಂದು ಹೋದಳು.

ನಿರಾಕರಣೆಯ ವಿರುದ್ಧ ಮೇಲ್ಮನವಿ ಹಾಕಬಹುದೆಂದು ಆ ಹಾಳೆಯ ಕೊನೆಯಲ್ಲಿತ್ತು. ಮರುದಿನವೇ ಕೂತು ಬರೆದೆ. ಯಾವ ಏಜೆಂಟನನ್ನೂ ಕೇಳಲಿಲ್ಲ. ಹೋಟೆಲಿನ ಕಾಗದ ಸುಳ್ಳು, ನಾನು ತಿಳಿದೇ ಸಹಿ ಹಾಕಿದೆ, ನಾನು ನಿಜವಾಗಿ ಇರಬೇಕೆಂದಿದ್ದ ಜಾಗ ಇದು, ಕರೆದವಳು ಇವಳು ಎಂದು ಬರೆದು, ಹುಡುಗಿಯ ಕಾಗದದ ನಕಲು ಮಾಡಿಸಿ, ಮೂಲವನ್ನು ಎಡಗಡೆ, ನಕಲನ್ನು ಬಲಗಡೆ ಇಟ್ಟು ಸಾಲು ಸಾಲಾಗಿ ಓದಿ ನೋಡಿ ಲಗತ್ತಿಸಿದೆ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಆಮ್ಯಾಲೆ ಮನೀಗೆ ಹೋಗ್ತಾಳ. ಎರಡನೆಯ ಚೌಕಕ್ಕೆ ಬೇಕಾಗಿದ್ದ ಉತ್ತರ ಅದೇ. ಅವಳು ಮೊದಲೇ ಬರೆದು ಕಳಿಸಿದ್ದಳು.

ಉತ್ತರ ಬರುವಷ್ಟರಲ್ಲಿ ಆ ಹತ್ತು ದಿನಗಳು ಬಂದು ಹೋದವು. ಅವಳು ಒಬ್ಬಳೇ ನಾವು ಹೋಗಬೇಕೆಂದಿದ್ದ ಊರುಗಳಿಗೆ ಹೋದಳು. ಫೋಟೋ ಹೆಚ್ಚು ಕಳಿಸಲಿಲ್ಲ. ಹೊರಡುವ ದಿನ ಒಂದು ಮಾತು ಕಳಿಸಿದ್ದಳು: "ನಿನ್ನ ಮಂಚದ ಹಾಸಿಗಿ ತೆಗದೆ, ಚಿಗವ್ವಾ. ಒಗಿಯೂದ ಬ್ಯಾಡ ಅಂತ ಯಜಮಾನಿ ಅಂದ್ಲು. ಯಾರೂ ಮಕ್ಕೊಂಡಿಲ್ಲಲ್ಲ. ನಾ ಒಗದೆ." ಮೇಲ್ಮನವಿಗೆ ಉತ್ತರ ಬಂದದ್ದು ಅವಳು ಕಾಲೇಜಿಗೆ ಮರಳಿದ ಮೇಲೆ. ಅದೇ ಹಾಳೆ, ಅದೇ ಎರಡು ಚೌಕ.

ಈ ನವೆಂಬರಿನಲ್ಲಿ ಅವಳು ಫೋನ್ ಮಾಡಿ, ತಾನೇ ಬರುತ್ತೇನೆಂದಳು. ಕಾಲೇಜಿನ ರಜೆ ಸೇರಿಸಿಕೊಂಡು, ಜನವರಿಯಲ್ಲಿ, ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ಸೇರುವ ವಸ್ತುಪ್ರದರ್ಶನ, ನುಮಾಯಿಶ್, ನಡೆಯುವಾಗ. ಚಿಕ್ಕವಳಿದ್ದಾಗ ಅಲ್ಲಿಯ ರಾಟೆತೊಟ್ಟಿಲು ಹತ್ತುತ್ತೇನೆಂದು ಅಳುತ್ತಿದ್ದದ್ದು ಅವಳಿಗೆ ನೆನಪಿದೆ. ನಾನು ಕೂಡಲೇ ಆಹ್ವಾನದ ಪತ್ರ ಬರೆಯಲು ಕೂತೆ. ನಾನು ಯಾರು, ಅವಳು ಯಾರು, ಎಲ್ಲಿ ಇರುತ್ತಾಳೆ, ಯಾವಾಗ ಹೋಗುತ್ತಾಳೆ. ಎರಡು ಕರಡು ಮಾಡಿ ಮೂರನೆಯದು ಬರೆಯುತ್ತಿದ್ದಾಗ ಅವಳ ಫೋನ್ ಬಂತು.

"ಚಿಗವ್ವಾ, ವೀಸಾ ಬಂತು!"

"ಇಷ್ಟ ಲಗೂನಾ? ಕಾಗದ ಇನ್ನೂ ಬರೀಲಿಕ್ಕತ್ತೀನಿ."

"ಅದೇನೂ ಕೇಳಲಿಲ್ಲ. ಫೋನಿನ್ಯಾಗಽ ಮಾಡಿದೆ, ಕ್ಲಾಸಿಗೆ ಹೋಗೂ ಮುಂದ. ಯಾಕ ಬರ್ತೀ ಅಂತ ಇತ್ತು. ಸಂಬಂಧಿಕರನ್ನ ನೋಡಾಕ ಅಂತ ಒತ್ತಿದೆ. ನಿನ್ನ ಹೆಸರು ಬರದೆ. ಮೂರು ದಿನಕ್ಕ ಬಂತು."

ನನ್ನ ಎದುರಿಗೆ ಮೂರನೆಯ ಕರಡು ಇತ್ತು. ಅವಳು ನಿಜ ಬರೆದಳು. ಅದನ್ನು ನಂಬಿದರು. ನಾನೂ ಮೊದಲೇ ನಿಜ ಬರೆದಿದ್ದರೆ ನಂಬುತ್ತಿದ್ದರೋ ಇಲ್ಲವೋ, ಅದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಮೊದಲ ಸಲ ಕೇಳಿದಾಗ ನಾನು ಬರೆಯಲೇ ಇಲ್ಲ. ನಮ್ಮನ್ನು ಅಷ್ಟು ಹೆದರಿಸಿಟ್ಟಿದ್ದಾರೆ, ನಾವೂ ಅಷ್ಟು ಹೆದರಿ ಕೂತಿದ್ದೇವೆ. ಹಿಗ್ಗಬೇಕಾಗಿತ್ತು. ಹಿಗ್ಗು ಇತ್ತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂತು, ಕೈಯಲ್ಲಿದ್ದ ಪೆನ್ನನ್ನು ಮೇಜಿಗೆ ಕುಕ್ಕಿದೆ.

"ಚಿಗವ್ವಾ? ಸಿಟ್ಟು ಆಗೀ ಏನ?"

"ಹೂಂ."

"ನನ್ನ ಮ್ಯಾಲ?"

ಇನ್ನು ಇವಳ ಹತ್ತಿರ ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆ.

"ನಿನ್ನ ಮ್ಯಾಲೂ ಒಂದೀಟ ಐತಿ," ಎಂದೆ.

ಅಲ್ಲಿ ಎಲ್ಲೋ ಗಂಟೆ ಬಾರಿಸಿತು, ಕ್ಲಾಸಿನದಿರಬೇಕು.

"ಆಗಲಿ," ಎಂದಳು. "ಬಂದಮ್ಯಾಲೆ ಬಯ್ಯಿ. ನೀ ಬರಿಯಾಕತ್ತಿದ್ದ ಕಾಗದ ಮಾತ್ರ ಹರದು ಚೆಲ್ಲಬ್ಯಾಡ."